ಪದಚರ್ಚೆ: ‘ರಾಜ್ಯ ಬರಲಿ’ ಅನ್ನುವಾಗ ಬರಬೇಕಾದ್ದು ಏನು?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯ ನಮ್ಮ ಚರ್ಚಿನಲ್ಲಿ ಕ್ರಿಸ್ತರಾಜರ ಹಬ್ಬಕ್ಕೆ ಒಂದು ಕರಪತ್ರ ಮಾಡುತ್ತಿದ್ದೇವೆ. ಯೇಸು ಕಲಿಸಿದ ಪ್ರಾರ್ಥನೆಯ ‘ರಾಜ್ಯ ಬರಲಿ’ ಅನ್ನುವ ಸಾಲಿನ ‘ರಾಜ್ಯ’ ಪದದ ಹತ್ತಿರ ಕೆಲಸ ನಿಂತಿದೆ.

ಈ ಹಬ್ಬವನ್ನು 1925ರಲ್ಲಿ ಹನ್ನೊಂದನೇ ಪಿಯುಸ್ ಪೋಪ್ ಶುರು ಮಾಡಿದರು. ಈಗ ಅದು ನವೆಂಬರ್ ಕೊನೆಗೆ ಬರುತ್ತದೆ. ಪೇಟೆಯಲ್ಲಿ ರಾಜ್ಯೋತ್ಸವದ ಬಾವುಟಗಳು ಇನ್ನೂ ಇಳಿದಿರುವುದಿಲ್ಲ. ಅದರ ನಡುವೆ ‘ರಾಜ್ಯ ಬರಲಿ’ ಅಂತ ಅಚ್ಚು ಹಾಕಿದರೆ ಹುಡುಗರು ‘ಯಾವ ರಾಜ್ಯ?’ ಅಂತ ಕೇಳದೆ ಬಿಡ್ತಾರಾ? ಕೊಡಗಿನಲ್ಲಿ ಇದು ಬರೀ ತಮಾಷೆಯೂ ಅಲ್ಲ. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರುವ ತನಕ ಕೊಡಗೇ ಒಂದು ರಾಜ್ಯವಾಗಿತ್ತು.

ಸುವಾರ್ತೆಯ ಗ್ರೀಕ್ ಮೂಲದಲ್ಲಿ ಇರುವ ಪದ ‘ಬಸಿಲೇಯ’. ಅರಸನಾಗಿ ಆಳುವುದು ಅನ್ನುವುದೂ ಅದರ ಅರ್ಥ, ಆಳುವ ಸೀಮೆಯೂ ಅದೇ. ನಮ್ಮ ‘ರಾಜ್ಯ’ದಲ್ಲೂ ಮೊದಲು ಎರಡೂ ಇದ್ದವು. ‘ರಾಜ್ಯಭಾರ’, ‘ರಾಮರಾಜ್ಯ’ದಲ್ಲಿ ಈಗಲೂ ಇವೆ. ಒಂಟಿಯಾಗಿ ನಿಂತಾಗ ಮಾತ್ರ ಗಡಿ, ವಿಧಾನಸೌಧ ಕಣ್ಣಿಗೆ ಬರುತ್ತವೆ. ಚರ್ಚಿನ ಒಳಗಿನವರಿಗೆ ಇನ್ನೊಂದು ತೊಡಕಿದೆ. ಸತ್ತವರು ‘ದೇವರ ರಾಜ್ಯ ಸೇರಿದರು’ ಅಂತ ಹೇಳಿ ಹೇಳಿ, ಅದು ನಾವು ಹೋಗುವ ಊರಾಗಿಬಿಟ್ಟಿದೆ. ಪ್ರಾರ್ಥನೆಯಲ್ಲಿ ಇರುವುದು ‘ಬರಲಿ’ ಅಂತ, ಅಲ್ವಾ? ದೇವರ ಚಿತ್ತ ಭೂಮಿಯ ಮೇಲೂ ನಡೆಯಲಿ ಅಂತ ಅದರ ಬೆನ್ನಿಗೇ ಕೇಳುತ್ತೇವೆ. ಲೋಕವೆಲ್ಲ ಒಂದು ದಿನ ದೇವರ ಕೈಗೆ ಬರುತ್ತದೆ ಅನ್ನುವ ನಿರೀಕ್ಷೆ ಅದು.

ಕಾಫಿ ತೋಟದ ಕೆಲಸದವರ ಲೈನಿನ ತಮಿಳು ಮನೆಯವರನ್ನು ಕೇಳಿದೆ. ಕಥೋಲಿಕರ ಈಗಿನ ತಮಿಳು ಪ್ರಾರ್ಥನೆಯಲ್ಲಿ ‘ಉಮದು ಆಟ್ಚಿ ವರುಗ’ ಅಂತಿದೆ. ‘ಆಟ್ಚಿ’ ಅಂದರೆ ಆಡಳಿತ, ಆಳ್ವಿಕೆ. ಧಾತು ನಮ್ಮ ‘ಆಳು’ವೇ. ಕನ್ನಡದಲ್ಲೂ ‘ಆಳ್ವಿಕೆ ಬಂತು’ ಅನ್ನುವುದು ಸಲೀಸು. ಹಾಗಾಗಿ ನನ್ನ ಒಲವು ‘ಆಳ್ವಿಕೆ’ ಕಡೆಗೆ. ‘ದೊರೆತನ’ ಅಂತಲೂ ಒಬ್ಬರು ಸೂಚಿಸಿದರು. ತೋಟದಲ್ಲಿ ದೊರೆ ಅಂದರೆ ತೋಟದ ಯಜಮಾನ ಅಂತ ಗೊತ್ತಿದ್ದವರೆಲ್ಲ ನಕ್ಕರು, ಅದು ಅಲ್ಲಿಗೆ ಬಿತ್ತು.

ಆದರೆ ನಮ್ಮ ಗುಂಪಿನ ಹಿರಿಯರೊಬ್ಬರು ‘ಆಳ್ವಿಕೆ’ಗೂ ಒಪ್ಪುತ್ತಿಲ್ಲ. ‘ಅದರಲ್ಲಿ ದರ್ಪ ಕೇಳಿಸ್ತದೆ ಮಾರಾಯ, ಕರುಣೆ ಎಲ್ಲಿದೆ?’ ಅಂತಾರೆ. 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಕತೆ ಕೇಳಿ ಬೆಳೆದವರು, ಅವರ ಮಾತು ತೆಗೆದುಹಾಕುವ ಹಾಗಿಲ್ಲ. ಹಬ್ಬದ ದಿನ ಓದುವ ಬೈಬಲ್ ಪಾಠಗಳನ್ನು ನೋಡಿದರೆ ಮಾತ್ರ ಚಿತ್ರ ಬೇರೆಯೇ. ಮೂರು ವರ್ಷಕ್ಕೊಮ್ಮೆ ಲೂಕನ 23ನೇ ಅಧ್ಯಾಯ ಓದುತ್ತಾರೆ. ಅಲ್ಲಿ ಈ ಅರಸ, ಅಂದರೆ ಯೇಸು, ಶಿಲುಬೆಯ ಮೇಲಿದ್ದಾನೆ. ಪಕ್ಕದಲ್ಲಿ ನೇತಾಡುತ್ತಿರುವ ಕಳ್ಳ, ನೀನು ಅರಸನಾಗಿ ಬರುವಾಗ ನನ್ನನ್ನು ನೆನೆಸಿಕೋ ಅಂತ ಬೇಡುತ್ತಾನೆ. ಇವತ್ತೇ ನನ್ನ ಜೊತೆ ಇರುತ್ತೀ ಅನ್ನುವ ಉತ್ತರ ಸಿಗುತ್ತದೆ. ವಿಚಾರಣೆ ಇಲ್ಲ, ಜಾಮೀನು ಇಲ್ಲ. ಮತ್ತಾಯನ 25ನೇ ಅಧ್ಯಾಯ ಓದುವ ವರ್ಷ ಅದೇ ಅರಸ ತೀರ್ಪು ಕೊಡಲು ಕೂತಿರುತ್ತಾನೆ. ಆಗಲೂ ಕೇಳುವ ಲೆಕ್ಕ ಹಸಿದವರಿಗೆ ಊಟ ಹಾಕಿದಿರಾ, ಜೈಲಿನಲ್ಲಿದ್ದವರನ್ನು ನೋಡಿಬಂದಿರಾ ಅನ್ನುವುದೇ. ಇಂಥ ಅರಸನ ಮೇಲೆ ಭಾರ ಹಾಕುವುದಕ್ಕೆ ಧೈರ್ಯ ಬರುತ್ತದೆ.

ಇನ್ನೊಂದು, ಸುಮ್ನೆ ಹೇಳ್ತೇನೆ. ಕಾಫಿ ಕೊಯ್ಲು ಹತ್ತಿರ ಬಂದರೆ ಇಲ್ಲಿ ಎಲ್ಲರ ಬಾಯಲ್ಲೂ ‘ಆಳು ಸಿಗ್ತಿಲ್ಲ’ ಅನ್ನುವ ಮಾತು. ಆಳುವವನೂ ಆಳೂ ಒಂದೇ ಅಕ್ಷರದಲ್ಲಿ ಕೂತಿರುವುದು, ಸೇವೆ ಮಾಡಲು ಬಂದೆ ಅಂದ ಅರಸನಿಗೆ ಚೆನ್ನಾಗಿಯೇ ಒಪ್ಪುತ್ತದೆ. ಇದನ್ನು ವ್ಯಾಕರಣ ಅಂತ ಜಗಳಕ್ಕೆ ಬರಬೇಡಿ.

ಈಗ ನನ್ನ ಪ್ರಶ್ನೆ. ಪ್ರಾರ್ಥನೆಯ ಸಾಲನ್ನು ನಾವು ಮುಟ್ಟುವುದಿಲ್ಲ. ಕರಪತ್ರದ ತಲೆಬರಹಕ್ಕೆ ‘ಕರುಣೆಯ ಆಳ್ವಿಕೆ ಬರಲಿ’ ಅಂತ ಹಾಕಿದರೆ ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದಾ, ಅಥವಾ ‘ಕರುಣೆ ಆಳಲಿ’ ಸಾಕಾ? ಮೈಸೂರು, ಕೊಳ್ಳೇಗಾಲ ಕಡೆಯವರು ಹಳೆಯ ಜಪದ ಪುಸ್ತಕಗಳಲ್ಲಿ ಬೇರೆ ಪದ ಕಂಡಿದ್ದರೆ ದಯವಿಟ್ಟು ತಿಳಿಸಿ. ಅಚ್ಚಿಗೆ ಕೊಡುವುದು ಮುಂದಿನ ವಾರ.