ಹರಳು ಸಿಕ್ಕೊಂಡು ಬರೋ ಕಾಮಾಲೆಗಿ ಏನಂತ ಬರೀಬೇಕು? (ಸೋಮವಾರದೊಳಗ ಬೇಕ್ರಿ)

ನಮಸ್ಕಾರ್ರಿ. ಕಲಬುರಗಿ ದವಾಖಾನಿ ಒಂದಕ್ಕ ಪೇಷಂಟ್‌ಗಳಿಗಿ ಕೊಡೋ ಹಾಳಿ ಕನ್ನಡಕ್ಕ ಮಾಡ್ಲಿಕತ್ತೀನಿ, ಸೋಮವಾರ ಪ್ರಿಂಟಿಗಿ ಹೋಗ್ತದ. ಪಿತ್ತಕೋಶದಾಗಿನ ಹರಳು ಜಾರಿ ಪಿತ್ತನಾಳದಾಗ ಸಿಕ್ಕೊಂಡ್ರ ಪಿತ್ತ ಕರುಳಿಗಿ ಇಳಿಯಂಗಿಲ್ಲ, ಕಣ್ಣು ಹಳದಿ ಆಗ್ತಾವ, ಉಚ್ಚಿ ಕಪ್ಪ, ಸಂಡಾಸ ಸುಣ್ಣದಂಗ ಬೆಳ್ಳಗ, ಮೈಯೆಲ್ಲ ತುರಿಕಿ. ಇದಕ್ಕ ನಾ "ಅವರೋಧಕ ಕಾಮಾಲೆ" ಅಂತ ಬರದೀನಿ, ವಾರ್ಡಿನ ಸಿಸ್ಟರ್ ಓದಿ "ಇದು ಯಾರಿಗಿ ತಿಳೀತದ್ರೀ" ಅಂದ್ರು. ಬಾಯಿಂದ ಪೈಪ್ ಇಳಿಸಿ ಆ ಹರಳು ತೆಗಿಯೋ ಇಆರ್‌ಸಿಪಿಗೂ ಒಂದು ಪದ ಬೇಕು.

— — —

ಅವರೋಧಕ ತೆಗೀರಿ. "ತಡೆಗಾಮಾಲೆ" ಸಾಕು. ಹರಳು ಇರಲಿ, ಅದು ಅಚ್ಚ ನಮ್ಮದು, ಹಳಗನ್ನಡದ ಪರಲ್, ಪಕಾರ ಹೋಗಿ ಹಕಾರ ಬಂದದ, ತಮಿಳಿನ್ಯಾಗ ಇನ್ನೂ ಪರಲ್ ಅಂತಾನೇ ಅದ. ಹರಳಿಗಿ ಉರ್ದುದಾಗ ಅನ್ನೋ ಪಥರಿ ಅಂತ ಮಾತ್ರ ಬರೀಬ್ಯಾಡ್ರಿ, ಉರ್ದು ಹಾಳಿ ಬ್ಯಾರೆ ಮಾಡ್ಸಲಿ.

— — —

ಪಥರಿ ಬ್ಯಾಡ ಅನ್ನೋರು ಬೀದರಿನ್ಯಾಗ ಓಪಿಡಿ ಲೈನಿನ್ಯಾಗ ಒಮ್ಮಿ ನಿಂತು ಕೇಳ್ರಿ. ದವಾಖಾನಿ ಎಲ್ಲಿಂದ ಬಂತು, ಅದನ್ನೂ ಬಿಡ್ತೀರೇನು? "ತಡೆಗಾಮಾಲೆ" ಯಾರ ಬಾಯಾಗೂ ಇಲ್ಲ. ನಮ್ಮ ಕಡಿ ಕಾಮಣಿ ಅಂತಾರ. ಆದ್ರ ಬರೇ ಕಾಮಣಿ ಅಂತ ಬರದ್ರ ಮಂದಿ ಸೀದಾ ಗಾವಟಿ ಔಷಧಕ್ಕ ಹೋಗ್ತಾರ, ಪಥ್ಯ ಮಾಡ್ತಾರ, ಒಳಗ ಹರಳು ಹಂಗೇ ಕುಂತಿರ್ತದ. ಅದಕ್ಕ "ಹರಳು ಅಡ್ಡ ಬಂದು ಆದ ಕಾಮಣಿ" ಅಂತ ಪೂರಾ ಬರೀರಿ, ಉದ್ದ ಆದ್ರ ಆಗ್ಲಿ. ಅದರ ಕೆಳಗೇ ದಪ್ಪ ಅಕ್ಷರದಾಗ: ಹೊಟ್ಟಿನೋವು, ಕಾಮಣಿ ಜೋಡಿ ನಡುಕ ಬಂದು ಜ್ವರ ಬಂದ್ರ ನಾಳದಾಗ ಸೋಂಕು ಆಗಿರ್ಬಹುದು, ಅವತ್ತೇ ಬರ್ರಿ.

ಇಆರ್‌ಸಿಪಿ ಅನ್ನೋದು ಹಂಗೇ ಇಡ್ರಿ, ಡಾಕ್ಟರ್ ಚೀಟಿ ಮ್ಯಾಲ ಬರ್ಯೋದೂ ಅದನ್ನೇ. ದುರ್ಬೀನ್ ಅಂತ ಮಾತ್ರ ಬರೀಬ್ಯಾಡ್ರಿ, ಪಿತ್ತಕೋಶ ತೆಗಿಯೋ ಆಪರೇಷನ್ನಿಗೂ ಮಂದಿ ಅದನ್ನೇ ಅಂತಾರ, ಎರಡೂ ಒಂದೇ ಅಂತ ತಿಳ್ಕೋತಾರ. ಇದು ಬಾಯಿಂದ ಕ್ಯಾಮೆರಾ ಪೈಪ್ ಇಳಿಸಿ, ನಾಳದ ಬಾಯಿ ಸ್ವಲ್ಪ ಕೊಯ್ದು, ಬಲೂನಿಲೆ ಇಲ್ಲಾ ಸಣ್ಣ ಬುಟ್ಟಿಲೆ ಹರಳು ಎಳಿಯೋದು, ಹೊಟ್ಟಿ ಕೊಯ್ಯಂಗಿಲ್ಲ. ಪಿತ್ತಕೋಶ ಒಳಗೇ ಇರ್ತದ, ಮತ್ತ ಹರಳು ಜಾರಬಹುದು ಅಂತ ಅದನ್ನ ಆಮ್ಯಾಲ ಬ್ಯಾರೆ ಆಪರೇಷನ್ ಮಾಡಿ ತೆಗೀತಾರ. ಇನ್ನೊಂದು, ಸೋನೋಗ್ರಫಿದಾಗ ನಾಳದ ಕೆಳಗಿನ ಹರಳು ಗ್ಯಾಸ್ ಅಡ್ಡ ಬಂದು ಕಾಣದೇ ಇರ್ಬಹುದು, ಎಂಆರ್‌ಸಿಪಿ (ಎಂಆರ್‌ಐ ಮಷೀನಿನ್ಯಾಗ ಪಿತ್ತನಾಳದ ಚಿತ್ರ ತೆಗಿಯೋದು) ಯಾಕ ಬರದುಕೊಟ್ರು ಅಂತ ಜಗಳ ಆಡೋರು ಭಾಳ ಮಂದಿ, ಅದಕ್ಕೂ ಒಂದು ಸಾಲು ಹಾಕ್ರಿ.

— — —

ಕಾಮಣಿ ಒಪ್ಪಿದೆ. ಪಥರಿ ಒಪ್ಪಂಗಿಲ್ಲ. ಮಂದಿ ಬಾಯಾಗಿನ ಮಾತೇ ಬೇಕಂದ್ರ "ಹಳ್ಳು" ಅಂತ ಬರೀರಿ, ಅದೂ ಹರಳೇ.