ಎಂಜಿಬಿ ಜಿಟಿ ಮುಕ್ಕಾಲು ಗಂಟೆ ಓಡಿ ನಿಂತುಹೋಗುತ್ತದೆ, ಪಂಪ್ ಬದಲಾಯಿಸಿದರೂ ಅದೇ ಕಥೆ

ರೆಡಿಂಗ್_ಹುಡುಗ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ. ಏಪ್ರಿಲ್‌ನಲ್ಲಿ ಎಂಜಿಬಿ ಜಿಟಿ ತಗೊಂಡೆ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಮನೆಯಿಂದ ಹೊರಟಾಗ ಬೆಣ್ಣೆ ಹಾಗೆ ಓಡುತ್ತದೆ. ಮುಕ್ಕಾಲು ಗಂಟೆ ಆಗುತ್ತಿದ್ದ ಹಾಗೆ ಮಿಸ್ಸಿಂಗ್ ಶುರು, ಪಿಕಪ್ ಇಲ್ಲ, ಆಮೇಲೆ ಆಫ್. ಕಾಲು ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಭಾನುವಾರ ಎ34 ರಸ್ತೆಯಲ್ಲಿ, ಡಿಡ್‌ಕಾಟ್ ಹತ್ತಿರ, ಲಾರಿಗಳ ಮಧ್ಯೆ ನಿಂತಿತು. ಹೆಂಡತಿ, ಮಗಳನ್ನು ಇಳಿಸಿ ಹುಲ್ಲಿನ ಮೇಲೆ ನಿಲ್ಲಿಸಬೇಕಾಯಿತು. ಮಗಳು ಇನ್ನು ಈ ಕಾರು ಹತ್ತಲ್ಲ ಅಂತಿದ್ದಾಳೆ. ಪೆಟ್ರೋಲ್ ಪಂಪ್ ಹೊಸದು ಹಾಕಿಸಿದೆ, ಏನೂ ಬದಲಾಗಲಿಲ್ಲ. ದಯವಿಟ್ಟು ಯಾರಾದರೂ ಹೇಳಿ.

ಕೊವೆಂಟ್ರಿ_ಗೌಡ
ಯಾವ ವರ್ಷದ್ದು ಗುರು? 1967ರ ಕೊನೆಗಿಂತ ಮುಂಚಿನದಾದರೆ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಗಾಡಿ ಬಾಡಿಗೆ), ಡೈನಮೋ. ಆಮೇಲಿನದು ನೆಗೆಟಿವ್, ಆಲ್ಟರ್ನೇಟರ್. ಅದನ್ನೇ ಬರೆದಿಲ್ಲ. ಆದರೂ ಹೇಳುತ್ತೇನೆ, ಇದು ಇ10, ಅಂದರೆ ಶೇ. 10ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲಿನ ಕೆಲಸ. 2021ರ ಸೆಪ್ಟೆಂಬರ್‌ನಲ್ಲಿ ಅದು ಬ್ರಿಟನ್ನಿಗೆ ಬಂದ ಮೇಲೆ ಹಳೇ ಕಾರುಗಳಿಗೆ ಇದೇ ಗೋಳು. ಬೇಗ ಆವಿ ಆಗುತ್ತದೆ. ವೇಪರ್ ಲಾಕ್, ಅಂದರೆ ಪೈಪಿನಲ್ಲಿ ಆವಿ ಕಟ್ಟಿಕೊಂಡು ಪೆಟ್ರೋಲ್ ಬರುವುದಿಲ್ಲ. ಕಾರ್ಬ್ಯುರೇಟರ್ ಹಿಂದೆ ಹೀಟ್ ಶೀಲ್ಡ್ (ಶಾಖ ತಡೆಯುವ ತಗಡು) ಇದೆಯಾ ನೋಡಿ.

ರೆಡಿಂಗ್_ಹುಡುಗ
1969. ಕ್ರೋಮ್ ಬಂಪರ್, ನೆಗೆಟಿವ್ ಅರ್ತ್, ಓವರ್‌ಡ್ರೈವ್ (ಹೆಚ್ಚಿನ ವೇಗಕ್ಕೆ ಹೆಚ್ಚುವರಿ ಗೇರ್) ಇದೆ. ಮೊದಲಿಂದಲೂ ಇ5 ಮಾತ್ರ ಹಾಕುತ್ತಿದ್ದೇನೆ. ಹೀಟ್ ಶೀಲ್ಡ್ ಇದೆ.

ಕೊವೆಂಟ್ರಿ_ಗೌಡ
ಇ5ನಲ್ಲೂ ಎಥನಾಲ್ ಇರಬಹುದು. ಪೈಪಿಗೆ ಶಾಖ ತಡೆಯುವ ಸುತ್ತು ಹಾಕಿ. ನಾನು ಮೂರು ಗಾಡಿಗೆ ಹಾಕಿ ನೋಡಿದ್ದೇನೆ.

ಮೈಸೂರು_ಅಂಬಿ
ಸಾರ್, ನಮ್ಮ ಅಂಬಾಸಿಡರ್‌ನಲ್ಲೂ ಇದೇ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್ ಇತ್ತು. ನಮ್ಮದು 1489 ಸಿಸಿ, ನಿಮ್ಮದು 1798. ಒಂದೇ ಮನೆಯ ಮಕ್ಕಳು. ಆಗುಂಬೆ ಘಾಟಿ ಹತ್ತುವಾಗ ಬಿಸಿಲಿಗೆ ನಿಲ್ಲುತ್ತಿತ್ತು. ಅಪ್ಪ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಸ್ಟಾರ್ಟ್. ಗೌಡ್ರು ಹೇಳಿದ್ದೇ ಸರಿ.

ರಬ್ಬರ್_ಬಂಪರ್_78
ಅಂಬಾಸಿಡರ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿದೆ, ಅದಕ್ಕೇ ಬಿಸಿಯಾಗುತ್ತದೆ. ಎಂಜಿಬಿಯ ಎಸ್‌ಯು ಕಂಪನಿಯ ಪಂಪ್ ಕರೆಂಟಿನದು, ಗಾಡಿ ಹಿಂದೆ, ಬಲಗಡೆ ಚಕ್ರದ ಹತ್ತಿರ. ಅಲ್ಲಿಗೆ ಎಂಜಿನ್ ಬಿಸಿ ಎಲ್ಲಿಂದ ಬರಬೇಕು? ಕಿಡಿ ಹಚ್ಚುವ ಸರ್ಕ್ಯೂಟಿನ ಕಂಡೆನ್ಸರ್ ನೋಡಿ. ಈಗ ಸಿಗುವ ಕಂಡೆನ್ಸರ್‌ಗಳು ಬಿಸಿಯಾದರೆ ಕೈ ಕೊಡುತ್ತವೆ.

ಕೊವೆಂಟ್ರಿ_ಗೌಡ
ರಬ್ಬರ್ ಬಂಪರಿನ ಆಮೇಲಿನ ಎಂಜಿಬಿ ಇಟ್ಟುಕೊಂಡವರಿಗೆ ಹಳೇ ಗಾಡಿ ವಿಷಯ ಬಿಡಿ. ಅಮೆರಿಕದ ಕಾನೂನಿಗಾಗಿ ಗಾಡಿಯನ್ನೇ ಎತ್ತರ ಮಾಡಿದರು, ತಿರುವಿನಲ್ಲಿ ದೋಣಿ ಥರ ಓಲಾಡುತ್ತದೆ.

ರಬ್ಬರ್_ಬಂಪರ್_78
ನನ್ನದೂ ಎಬಿಂಗ್ಡನ್‌ನ ಎಂಜಿ ಫ್ಯಾಕ್ಟರಿಯಲ್ಲೇ ಹುಟ್ಟಿದ್ದು, ಅದೇ ಕೈಗಳು ಕಟ್ಟಿದ್ದು. 1980ರಲ್ಲಿ ಫ್ಯಾಕ್ಟರಿ ಮುಚ್ಚುವವರೆಗೂ ಅಲ್ಲಿನವರು ಮನಸ್ಸಿಟ್ಟು ಕೆಲಸ ಮಾಡಿದರು. ನಾನೇ ಗಾಡಿ ತಗ್ಗಿಸಿದ್ದೇನೆ, ಓವರ್‌ಡ್ರೈವ್ ನಾನೇ ಬಿಚ್ಚಿ ಜೋಡಿಸಿದ್ದೇನೆ, ಹೋದ ಬೇಸಿಗೆ ಸ್ಕಾಟ್ಲೆಂಡ್ ಸುತ್ತಿ ಬಂದೆ. ಒಂದು ಸಲವೂ ನಿಂತಿಲ್ಲ.

ಎಂಜಿಎ_ಅಕ್ಕ
ಇಬ್ಬರೂ ಸ್ವಲ್ಪ ಸುಮ್ಮನಿರಿ. ರೆಡಿಂಗ್‌ನವರೇ, ನಾಲ್ಕು ಪ್ರಶ್ನೆ. ಗಾಡಿ ನಿಂತಾಗ ಕೀ ಆನ್ ಮಾಡಿದರೆ ಹಿಂದಿನಿಂದ ಪಂಪಿನ ಟಿಕ್ ಟಿಕ್ ಕೇಳುತ್ತದಾ? ಟ್ಯಾಂಕ್ ತುಂಬಿದ ದಿನ ಬೇಗ ನಿಲ್ಲುತ್ತದಾ? ನಿಂತಾಗ ಟ್ಯಾಂಕ್ ಮುಚ್ಚಳ ತೆಗೆದು ನೋಡಿದ್ದೀರಾ? ಗಾಡಿ ಕೊಂಡ ಮೇಲೆ ಪಂಪ್ ಬಿಟ್ಟು ಬೇರೆ ಏನೇನು ಬದಲಾಯಿಸಿದ್ದೀರಿ? ಚಿಕ್ಕದಿದ್ದರೂ ಹೇಳಿ.

ರೆಡಿಂಗ್_ಹುಡುಗ
ಅಕ್ಕ, ಟಿಕ್ ಟಿಕ್ ಇಲ್ಲ. ಅದಕ್ಕೇ ಪಂಪ್ ಹೋಗಿದೆ ಅಂದುಕೊಂಡಿದ್ದು. ಹೌದು, ಟ್ಯಾಂಕ್ ತುಂಬಿಸಿದ ದಿನವೇ ಬೇಗ ನಿಂತಿತ್ತು! ಮುಚ್ಚಳ ತೆಗೆದಿಲ್ಲ. ಬೇರೆ ಏನೂ ಬದಲಾಯಿಸಿಲ್ಲ. ಗಾಡಿಯನ್ನು ರಸ್ತೆಯಲ್ಲೇ ಪಾರ್ಕ್ ಮಾಡುತ್ತೇನೆ ಅಂತ ಮೇ ತಿಂಗಳಲ್ಲಿ ಬೀಗ ಇರುವ ಪೆಟ್ರೋಲ್ ಮುಚ್ಚಳ ಹಾಕಿಸಿದೆ, ಅಷ್ಟೇ.

ಎಂಜಿಎ_ಅಕ್ಕ
ಅಲ್ಲೇ ಇದೆ ನೋಡಿ. ನಿಮ್ಮ ಗಾಡಿಯ ಟ್ಯಾಂಕ್ ಉಸಿರಾಡುವುದು ಮುಚ್ಚಳದಲ್ಲಿರುವ ಸಣ್ಣ ತೂತಿನಿಂದ. ಪೆಟ್ರೋಲ್ ಹೋದಷ್ಟೂ ಗಾಳಿ ಒಳಗೆ ಬರಬೇಕು. ಗಾಳಿ ಬಾರದಿದ್ದರೆ ಒಳಗೆ ನಿರ್ವಾತ, ಪಂಪ್ ಎಳೆಯಲಾಗದೆ ನಿಲ್ಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ಮೇಲೆ ಗಾಳಿಗೆ ಜಾಗ ಕಮ್ಮಿ, ಅದಕ್ಕೇ ಬೇಗ. ಕಾಲು ಗಂಟೆಯಲ್ಲಿ ಹೇಗೋ ನುಸುಳಿ ಸ್ವಲ್ಪ ಗಾಳಿ ಸೇರುತ್ತದೆ. ಮುಂದಿನ ಸಲ ನಿಂತಾಗ ಕಾಯಬೇಡಿ. ಮುಚ್ಚಳ ತೆಗೆದು ಕಿವಿ ಕೊಡಿ, ಮತ್ತೆ ಹಾಕಿ, ಕೀ ತಿರುಗಿಸಿ.

ಕೊವೆಂಟ್ರಿ_ಗೌಡ
ಇರಬಹುದು. ಆದರೂ ಪೈಪಿಗೆ ಸುತ್ತು ಹಾಕಿಸಿ.

ರೆಡಿಂಗ್_ಹುಡುಗ
ಈಗಷ್ಟೇ ಮನೆಗೆ ಬಂದೆ. ಟ್ಯಾಂಕ್ ತುಂಬಿಸಿ ಎಬಿಂಗ್ಡನ್ ಕಡೆ ಹೊರಟೆ. 38 ನಿಮಿಷಕ್ಕೆ ಜಗ್ಗಲು ಶುರು. ರಸ್ತೆ ಬದಿಯ ಲೇಬೈಗೆ ತಿರುಗಿಸಿ ಇಳಿದು ಬೀಗ ತೆಗೆದೆ. ಮುಚ್ಚಳ ಕೈಗೆ ಬರಲೇ ಒಲ್ಲದು. ಒತ್ತಿ ತಿರುಗಿಸಿದರೆ ಉಸ್ಸ್ ಅಂತ ಎರಡು ಮೂರು ಸೆಕೆಂಡ್ ಗಾಳಿ ಒಳಗೆ ಹೋಯಿತು. ಕೀ ಆನ್ ಮಾಡಿದೆ. ಟಿಕ್ ಟಿಕ್ ಟಿಕ್ ಟಿಕ್, ಆಮೇಲೆ ನಿಧಾನ, ಆಮೇಲೆ ಮೌನ. ಕಾರ್ಬ್ಯುರೇಟರ್ ತುಂಬಿತ್ತು. ಮೊದಲ ಸಲಕ್ಕೇ ಸ್ಟಾರ್ಟ್. ಲೇಬೈಯಲ್ಲಿ ಒಬ್ಬನೇ ಕೂಗಿಬಿಟ್ಟೆ. ಮನೆಗೆ ಬಂದು ಹಳೇ ಮುಚ್ಚಳ ಹುಡುಕಿದೆ. ಶೆಡ್‌ನಲ್ಲಿ ಡಬ್ಬದೊಳಗೆ ಸಿಕ್ಕಿತು. ಟಾರ್ಚ್ ಹಿಡಿದರೆ ಒಳಗಡೆ ಸೂಜಿ ಮೊನೆಯಷ್ಟು ತೂತು ಕಾಣುತ್ತದೆ. ಹೊಸದರಲ್ಲಿ ಏನೂ ಇಲ್ಲ. ಅಕ್ಕ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ?

ಸ್ಲೌ_ಸುಬ್ಬು
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಶನಿವಾರ 1972ರ ಜಿಟಿ ನೋಡಲು ಹೋಗುತ್ತಿದ್ದೇನೆ. 40 ವರ್ಷ ದಾಟಿದ್ದರಿಂದ ರೋಡ್ ಟ್ಯಾಕ್ಸ್ ಕಟ್ಟುವುದಿಲ್ಲ, ಅದು ಗೊತ್ತು. ಪೇಂಟ್ ಫಳಫಳ ಅಂತಿದೆ. ಏನು ನೋಡಲಿ?

ಎಂಜಿಎ_ಅಕ್ಕ
ಪೇಂಟ್ ಬಿಡಿ, ಸಿಲ್ ನೋಡಿ. ಬಾಗಿಲ ಕೆಳಗಿನ ಆ ಪಟ್ಟಿಯೇ ಗಾಡಿಯ ಬೆನ್ನೆಲುಬು, ಇದಕ್ಕೆ ಬೇರೆ ಷಾಸಿ ಇಲ್ಲ. ಮ್ಯಾಗ್ನೆಟ್ ಅನ್ನು ಬಟ್ಟೆಯಲ್ಲಿ ಸುತ್ತಿ ಉದ್ದಕ್ಕೂ ಎಳೆಯಿರಿ. ಹಿಡಿಯದ ಕಡೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಆಮೇಲೆ ಒಂದು ಬದಿಗೆ ಜ್ಯಾಕ್ ಕೊಟ್ಟು ಎತ್ತಿಸಿ, ಬಾಗಿಲು ತೆಗೆದು ಹಾಕಿ. ಸಂದು ಬಿಗಿಯಾಗಿ ಬಾಗಿಲು ಉಜ್ಜಿದರೆ ನಮಸ್ಕಾರ ಹೇಳಿ ಬನ್ನಿ. ಗೇಡನ್‌ನ ಕಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದ್ದಾರಾ ಕೇಳಿ. ಯಾವ ದಿನ ಕಟ್ಟಿದ್ದು, ಮೂಲ ಬಣ್ಣ ಯಾವುದು ಅಂತ ಅದರಲ್ಲಿ ಇರುತ್ತದೆ. ಟ್ಯಾಂಕ್ ಮುಚ್ಚಳವನ್ನೂ ತೆಗೆದು ನೋಡಿ.