ಮೂರು ಹನಿ, ಒಂದು ಪ್ಲೇಟ್ ಮಿರ್ಚಿ

ದಾವಣಗೆರೆಯಲ್ಲಿ ಸಂಜೆ ಆರಾದರೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದಿನ ಬೆಂಚು ಖಾಲಿ ಇರೋದಿಲ್ಲ. ಅವತ್ತಿನ ಚರ್ಚೆಯ ವಿಷಯ ಬಸಣ್ಣನ ಮುಖ. ಡಿಸೆಂಬರಿನ ಒಣಗಾಳಿಗೆ ಕೆಳಗೆ ಬಿರುಕು ಬಿಟ್ಟ ಎರೆಹೊಲ, ಮೇಲೆ ಕೊಬ್ಬರಿ ಎಣ್ಣೆಯ ಥಳಥಳ.

"ಏನಲೇ ಬಸ್ಯಾ, ಮುಖಕ್ಕೆ ವಾರ್ನಿಶ್ ಹೊಡ್ಸಿಯಾ?" ಅಂದ ಮಂಜ.

"ಅಂಗೈ ತುಂಬ ಎಣ್ಣೆ ಹಚ್ಚೀನಪ. ಆದ್ರೂ ಚರ್ಮ ಎಳೀತೈತಿ. ನಗಾಕೂ ಆಗವಲ್ದು."

ಮೆಡಿಕಲ್ ಶಾಪಿನ ಶೈಲಕ್ಕ ಮಂಡಕ್ಕಿಯಿಂದ ತಲೆ ಎತ್ತಿದಳು. "ಒಣ ಮುಖಕ್ಕೆ ಬಳ್ಕೊಂಡೀಯ. ಎಣ್ಣೆಯಾಗೆ ನೀರು ಎಲ್ಲೈತಿ? ಅದು ಬರೀ ಮುಚ್ಚಳ. ಖಾಲಿ ಪಾತ್ರೆಗೆ ಮುಚ್ಚಳ ಹಾಕಿದ್ರೆ ಅನ್ನ ಬೇಯ್ತೈತಾ?"

"ಮತ್ತೆ?"

"ಮುಖ ತೊಳಿ. ಟವೆಲ್ ಒತ್ತು, ತಿಕ್ಕಬೇಡ. ತೇವ ಆರೋದ್ರೊಳಗೆ, ಅಂದ್ರೆ ಎರಡು-ಮೂರು ನಿಮಿಷದಾಗೆ, ಅಂಗೈಗೆ ಮೂರು ಹನಿ ಎಣ್ಣೆ ಹಾಕು. ಎರಡೂ ಕೈ ಉಜ್ಜಿ ಕೆನ್ನೆ, ಹಣೆ, ಗದ್ದಕ್ಕೆ ಒತ್ತು. ಮೂರು ಹನಿ ಅಂದ್ರೆ ಮೂರೇ. ಹೆಚ್ಚಾದ್ರೆ ದಿಂಬಿನ ಕವರ್ ಮೆತ್ತಗಾಗ್ತೈತಿ, ನೀನಲ್ಲ."

"ಅದೂ ಕೊಬ್ಬರಿ ಎಣ್ಣೆ ಅಲ್ಲ," ಗಾಣದ ರಫೀಕ್ ಬಾಯಿ ಹಾಕಿದ. "24 ಡಿಗ್ರಿ ಹತ್ರ ಬಂದ್ರೆ ಬಾಟ್ಲೀಲೇ ಹೆಪ್ಪುಗಟ್ಟೋದು ಅದು. ಮೊಡವೆ ಏಳೋ ಮುಖಕ್ಕೆ ಇನ್ನೂ ತಾಪತ್ರಯ. ತೆಳು ಎಣ್ಣೆ ಹಚ್ಬೇಕು."

"ತೆಳು ಅಂದ್ರೆ ನೀರು ಬೆರೆಸಿದ್ದಾ?"

"ಅದು ಹಾಲು ಮಾರಾಯ! ಕುಸುಬೆ ಎಣ್ಣೆ, ಸೂರ್ಯಕಾಂತಿ ಎಣ್ಣೆ. ಇವುಗಳಾಗೆ ಲಿನೋಲೆಯಿಕ್ ಅನ್ನೋ ಕೊಬ್ಬಿನಾಮ್ಲ ಜಾಸ್ತಿ, ಚರ್ಮದ ಹೊರಗೋಡೆಗೆ ಗಾರೆ ಇದ್ದಂಗೆ. ಲೇಬಲ್ ಮೇಲೆ 'ಹೈ ಓಲೆಯಿಕ್' ಅಂತಿದ್ರೆ ಮಾತ್ರ ಆ ಲೆಕ್ಕ ತಪ್ಪು, ಅದ್ರಾಗೆ ಈ ಆಮ್ಲ ಕಮ್ಮಿ, ಅದು ಕರಿಯೋಕೆ ಅಂತ ಬೆಳೆಸಿದ ತಳಿ."

ಶೈಲಕ್ಕ ಸೇರಿಸಿದಳು: "2013ರಾಗೆ ಇಂಗ್ಲೆಂಡಿನವರು ಪರೀಕ್ಷೆ ಮಾಡ್ಯಾರ. ಒಂದು ಮುಂಗೈಗೆ ಆಲಿವ್, ಇನ್ನೊಂದಕ್ಕೆ ಸೂರ್ಯಕಾಂತಿ, ದಿನಕ್ಕೆರಡು ಸಲ ಆರಾರು ಹನಿ, ನಾಲ್ಕು ವಾರ. ಆಲಿವ್ ಹಚ್ಚಿದ ಕಡೆ ಗೋಡೆ ಸಡಿಲಾತು, ಸೂರ್ಯಕಾಂತಿ ಕಡೆ ಗಟ್ಟಿ ನಿಂತಿತ್ತು. ರೇಟು ನೋಡಿ ಎಣ್ಣೆ ಆರಿಸಬಾರ್ದು."

"ಚಳ್ಳಕೆರೆಯ ಶೇಂಗಾ ಎಣ್ಣೆ ಇರುವಾಗ ಬೇರೆ ಯಾಕೆ?" ಮಂಜನ ಅಭಿಮಾನ ಎದ್ದಿತು.

"ಅದು ಚಟ್ನಿಪುಡಿ ಮೇಲೆ ಚಂದ. ಶೇಂಗಾ ಅಲರ್ಜಿ ಇದ್ದೋರಿಗೆ ಗಾಣದೆಣ್ಣೆ ಹಚ್ಚಿದ್ರೆ ಆಸ್ಪತ್ರೆಗೆ ಓಡಬೇಕಾದೀತು, ಅದ್ರಾಗೆ ಪ್ರೋಟೀನ್ ಉಳಿದಿರ್ತೈತಿ."

"ನನ್ನಂಥ ಸೋಮಾರಿಗೆ ಆ ಸ್ಕ್ವಾಲೇನ್ ಅನ್ನೋ ರೆಡಿ ಎಣ್ಣೆ ಆಗ್ತದಾ ಅಕ್ಕಾ?" ಬಸಣ್ಣ ಕೇಳಿದ.

"ಚೆನ್ನಾಗಿ. ಅದರ ಅಣ್ಣ ಸ್ಕ್ವಾಲೀನ್ ನಮ್ಮ ಚರ್ಮದ ಜಿಡ್ಡಿನಾಗೇ ಐತಿ. ಸ್ಕ್ವಾಲೇನ್ ಬೇಗ ಕಮಟು ಹಿಡಿಯಲ್ಲ, ಜಿಡ್ಡೂ ಅನ್ಸಲ್ಲ. ಮೊದ್ಲು ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ ತೆಗೀತಿದ್ರು."

ಬಸಣ್ಣ ಕೈಲಿದ್ದ ಮಿರ್ಚಿ ಕೆಳಗಿಟ್ಟ. "ನಾನು ಮೊಟ್ಟೆ ಸುದ್ದಿಗೂ ಹೋಗೋನಲ್ಲ!"

"ಈಗ ಕಬ್ಬು, ಆಲಿವ್‌ನಿಂದ ಮಾಡಿದ್ದೂ ಸಿಗ್ತೈತಿ, ತಿನ್ನು. ಲೇಬಲ್ ಓದಿ ತಗೋ." ಶೈಲಕ್ಕ ಅವನ ಮುಖವನ್ನು ಬೀದಿದೀಪಕ್ಕೆ ತಿರುಗಿಸಿದಳು. "ಹುಬ್ಬಿನಾಗೆ, ಮೂಗಿನ ಪಕ್ಕ ಹಳದಿ ಹೊಟ್ಟು ಎದ್ದು ಕೆಂಪಗಾಗಿದ್ರೆ ಅದು ಒಣಚರ್ಮ ಅಲ್ಲ. ತಲೆಹೊಟ್ಟಿನ ಶಿಲೀಂಧ್ರದ ಕೆಲಸ ಇರಬಹುದು. ಅದಕ್ಕೆ ಅಡುಗೆ ಎಣ್ಣೆ ಅಂದ್ರೆ ಹಬ್ಬದೂಟ. ಜನ ಇಲ್ಲೇ ಎಡವೋದು. ಹೊಟ್ಟು ಕಂಡಷ್ಟೂ ಎಣ್ಣೆ, ಎಣ್ಣೆ ಹಚ್ಚಿದಷ್ಟೂ ಹೊಟ್ಟು. ಡಾಕ್ಟರಿಗೆ ತೋರಿಸ್ಬೇಕು."

"ನಂಗೆ ಕೆನ್ನೆ ಮಾತ್ರ."

"ಹಂಗಾದ್ರೆ ಸರಿ. ಆದ್ರೂ ಮೊದಲ ದಿನವೇ ಮುಖಕ್ಕೆ ಬೇಡ. ಮೊಣಕೈ ಒಳಬದಿಗೆ ಒಂದೇ ಜಾಗಕ್ಕೆ ದಿನಕ್ಕೆರಡು ಸಲ ಹಚ್ಚಿ ಒಂದು ವಾರ ನೋಡು. ತುರಿಸ್ಲಿಲ್ಲ ಅಂದ್ರೆ ರಾತ್ರಿ ಹೊತ್ತು ಶುರು ಮಾಡು. ಬೆಳಗ್ಗೆ ಸನ್‌ಸ್ಕ್ರೀನ್ ಹಾಕಿದ್ಮೇಲೆ ಎಣ್ಣೆ ಬಳಿದ್ರೆ ಆ ಪದರ ಕೆಡ್ತೈತಿ. ಹಿಮ್ಮಡಿ ಸೀಳಿದ್ರೆ ಇದನ್ನ ನಂಬಬೇಡ, ಪೆಟ್ರೋಲಿಯಂ ಜೆಲ್ಲಿ ಹಚ್ಚು."

"ಬಿಳಿ ಆಗ್ತೀನಾ?"

"ಒರಟು ಸಪಾಟಾಗಿ ಹೊಳಪು ಬರ್ತೈತಿ. ಬಣ್ಣ ನಿಮ್ಮಪ್ಪಂದೇ."

ರಫೀಕ್‌ಗೆ ಇನ್ನೊಂದು ಚಿಂತೆ. "ಕುಸುಬೆ ಎಣ್ಣೆ ಗಾಳಿ-ಬೆಳಕಿಗೆ ಬೇಗ ಕೆಡ್ತೈತಿ. ಕಂದು ಗಾಜಿನ ಸಣ್ಣ ಬಾಟ್ಲಿ, ಬಿಗಿ ಮುಚ್ಚಳ, ಬಚ್ಚಲುಮನೆಯಾಗೆ ಇಡಬೇಡ. ಡ್ರಾಪರ್ ಮುಖಕ್ಕೆ ತಾಗಿಸ್ಬೇಡ. ಹಳೇ ಪೇಂಟಿನ ವಾಸನೆ ಬಂತೋ, ಎಸೆದುಬಿಡು."

ಬಸಣ್ಣ ಬೆರಳಿಗಂಟಿದ ಮಿರ್ಚಿ ಎಣ್ಣೆ ನೋಡಿದ. "ಇದೂ ತೆಳುವಾಗೇ ಐತಲ್ಲ?"

"ಮಧ್ಯಾಹ್ನದಿಂದ ಕುದ್ದ ಬಾಣಲಿ ಎಣ್ಣೆ ಕಣೋ! ಮೇಲೆ ಖಾರ..."

ಅಷ್ಟರಲ್ಲಿ ಕೈ ಕೆನ್ನೆಗೆ ಹೋಗಿ, ಅಲ್ಲಿಂದ ಕಣ್ಣಿಗೂ ಹೋಗಿತ್ತು. "ಅಯ್ಯಯ್ಯೋ" ಅನ್ನುತ್ತ ನಲ್ಲಿಗೆ ಓಡಿದ ಬಸಣ್ಣ, ಹತ್ತು ನಿಮಿಷ ನೀರು ಎರಚಿಕೊಂಡು, ಮುಖವೆಲ್ಲ ತೊಟ್ಟಿಕ್ಕಿಸುತ್ತ ಬಂದು ಅಂಗಡಿಯವನ ಟವೆಲ್ ಎಳೆದ.

"ತಿಕ್ಕಬೇಡ," ಅಂದಳು ಶೈಲಕ್ಕ, "ಒತ್ತು!"